ಗಾಡಿ ಏರಿತು, ಗುಡ್ಡ ಜಾರಿತು

ಮುಂಗಾರು ಸಹ್ಯಾದ್ರಿಯ ನೆತ್ತಿಯನ್ನು ಮುಟ್ಟುವ ಹೊತ್ತಿಗೆ ಮಲೆನಾಡಿನ ಪೇಟೆಗಳ ಗ್ಯಾರೇಜುಗಳಲ್ಲಿ ಎರಡು ಬಗೆಯ ಕೆಲಸ ಸಾಗಿರುತ್ತದೆ. ಒಂದು, ಮಳೆಗಾಲಕ್ಕೆ ಮುನ್ನ ಬ್ರೇಕು, ವೈಪರು, ಟೈರುಗಳನ್ನು ಸರಿಪಡಿಸಿಕೊಳ್ಳುವ ಹಳೆಯ ಕೆಲಸ. ಇನ್ನೊಂದು, ಈಚಿನ ವರ್ಷಗಳಲ್ಲಿ ಬೆಳೆದುಬಂದ ಹೊಸ ಕೆಲಸ. ನಿನ್ನೆಯವರೆಗೆ ಕಾಫಿ ಮೂಟೆ, ಹಾಲಿನ ಕ್ಯಾನು, ಗೊಬ್ಬರದ ಚೀಲ ಹೊರುತ್ತಿದ್ದ ಪಿಕಪ್ಪನ್ನು ಜಾಕಿನ ಮೇಲೆ ನಿಲ್ಲಿಸಿ, ಕಮಾನು ಪಟ್ಟಿಗಳನ್ನು ಬಿಚ್ಚಿ, ಮೂರೋ ನಾಲ್ಕೋ ಅಂಗುಲ ಮೇಲಕ್ಕೆತ್ತಿ ಮತ್ತೆ ಬಿಗಿಯುವುದೇ ಆ ಕೆಲಸ. ಇದಕ್ಕೆ ಬಳಸುವ ಬಿಡಿಭಾಗಗಳ ಪೆಟ್ಟಿಗೆಗೆ ಲಿಫ್ಟ್ ಕಿಟ್ ಎಂದು ಹೆಸರು. ಜೀಪುಗಳಿಂದ ಆರಂಭವಾದ ಈ ಗೀಳು ಈಗ ದುಡಿಯುವ ಗಾಡಿಗಳಿಗೂ ತಗುಲಿದೆ.

ಸ್ವಂತ ದುಡ್ಡಿನಲ್ಲಿ ಸ್ವಂತ ಗಾಡಿಯನ್ನು ಎತ್ತರಿಸಿಕೊಂಡರೆ ಇತರರಿಗೇನು ನಷ್ಟ ಎಂಬ ಪ್ರಶ್ನೆಯನ್ನು ತರುಣರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರವನ್ನೂ ನ್ಯಾಯವಾಗಿಯೇ ಹುಡುಕಬೇಕು. ಕಿಟ್ಟಿನ ಬೆಲೆಯನ್ನು ಮಾಲೀಕ ಅಂಗಡಿಯಲ್ಲಿ ಕೊಡುತ್ತಾನೆ. ಎತ್ತರದ ಬೆಲೆಯನ್ನು ಮಾತ್ರ ಬೇರೆಯವರು ತೆರುತ್ತಾರೆ: ಮೂಟೆ ಎತ್ತುವ ಕೂಲಿಯಾಳು, ಎದುರಿನಿಂದ ಬರುವ ಬೈಕಿನವನು, ಗುಡ್ಡದ ಮೇಲಿನ ಹುಲ್ಲು, ಗುಡ್ಡದ ಕೆಳಗಿನ ಗದ್ದೆ. ಈ ಲೆಕ್ಕವನ್ನು ಒಂದೊಂದಾಗಿ ಬಿಡಿಸಿ ನೋಡಬೇಕಾದ ಕಾಲ ಬಂದಿದೆ.

ಎತ್ತರದಿಂದ ದಕ್ಕುವುದೇನು?

ಪಿಕಪ್ಪಿನ ಹಿಂಭಾಗದಲ್ಲಿ ಎಡದಿಂದ ಬಲಕ್ಕೆ ಹಾಯ್ದ ಒಂದು ಆಕ್ಸಲ್ ಇದೆ. ಅದಕ್ಕೂ ಚಾಸಿಗೂ ನಡುವೆ ಕಮಾನು ಪಟ್ಟಿಗಳ ಕಟ್ಟು ಇದೆ. ಲಿಫ್ಟ್ ಕಿಟ್ ಹಾಕುವುದೆಂದರೆ ಈ ಕಟ್ಟಿಗೂ ಆಕ್ಸಲ್ಲಿಗೂ ನಡುವೆ ಕಬ್ಬಿಣದ ದಿಮ್ಮಿಯೊಂದನ್ನು ತುರುಕಿ ಉದ್ದದ ಯು ಬೋಲ್ಟಿನಿಂದ ಬಿಗಿಯುವುದು. ಇಲ್ಲವೆ ಹೆಚ್ಚು ಬಾಗಿದ ಹೊಸ ಪಟ್ಟಿಗಳನ್ನು, ಉದ್ದನೆಯ ಶಾಕ್ ಅಬ್ಸಾರ್ಬರುಗಳನ್ನು ಹಾಕುವುದು. ಇದರಿಂದ ಚಾಸಿ ಏರುತ್ತದೆ, ಬಂಪರು ಏರುತ್ತದೆ, ಕ್ಯಾಬಿನ್ ಏರುತ್ತದೆ. ದಿಣ್ಣೆ ಹತ್ತುವಾಗ ಮೂತಿ ನೆಲಕ್ಕೆ ತಾಗುವುದು ಕಡಿಮೆಯಾಗುತ್ತದೆ. ಇಷ್ಟು ಲಾಭವುಂಟೆಂಬುದನ್ನು ಒಪ್ಪಲೇಬೇಕು.

ಆದರೆ ಮಲೆನಾಡಿನ ದಾರಿಯಲ್ಲಿ ಕಲ್ಲಿಗೆ ಮೊದಲು ಬಡಿಯುವುದು ಯಾವ ಭಾಗವೆಂದು ಚಾಲಕರನ್ನು ಕೇಳಿ ನೋಡಿ. ಆಕ್ಸಲ್ಲಿನ ನಡುವೆ ಗಡಿಗೆಯಂತೆ ಉಬ್ಬಿರುವ ಹೌಸಿಂಗ್ ಎಂದು ಅವರೇ ಹೇಳುತ್ತಾರೆ. ಈ ಹೌಸಿಂಗ್ ಗಾಲಿಗಳಿಗೆ ಕಚ್ಚಿಕೊಂಡಿರುವ ಭಾಗ, ಚಾಸಿಗಲ್ಲ. ಆದ್ದರಿಂದ ಕಮಾನಿನ ಮೇಲೆ ಎಷ್ಟೇ ದಿಮ್ಮಿ ಪೇರಿಸಿದರೂ ಅದು ಕೂದಲೆಳೆಯಷ್ಟೂ ಮೇಲೇರುವುದಿಲ್ಲ. ಅದು ಏರಬೇಕಾದರೆ ದೊಡ್ಡ ಟೈರೇ ಬೇಕು. ಅದರಲ್ಲಿಯೂ ಟೈರಿನ ವ್ಯಾಸ ಎರಡು ಅಂಗುಲ ಹೆಚ್ಚಿದರೆ ಹೌಸಿಂಗ್ ಏರುವುದು ಒಂದೇ ಅಂಗುಲ. ಹೀಗೆ ಯಾವ ಕಷ್ಟಕ್ಕಾಗಿ ಕಿಟ್ ಕೊಳ್ಳಲಾಯಿತೋ ಆ ಕಷ್ಟ ಬಹುಪಾಲು ಹಾಗೆಯೇ ಉಳಿಯುತ್ತದೆ. ಹೊರೆ ಹೊರುವ ಸಾಮರ್ಥ್ಯವೂ ಹೆಚ್ಚುವುದಿಲ್ಲ. ಚಾಸಿ, ಆಕ್ಸಲ್, ಬ್ರೇಕು, ಬೇರಿಂಗುಗಳು ಕಂಪನಿ ಹಾಕಿಕೊಟ್ಟವೇ ಆಗಿರುವಾಗ ಹೊರೆಯ ಮಿತಿ ಬದಲಾಗುವುದಾದರೂ ಹೇಗೆ?

ಕಳೆದುಕೊಳ್ಳುವುದೇನು?

ಶಾಲೆಯಲ್ಲಿ ಗುರುತ್ವ ಕೇಂದ್ರದ ಪಾಠ ಓದಿದ ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಬಹುದು. ಒಂದು ಗಾಡಿಯ ಎಡ ಬಲ ಗಾಲಿಗಳ ನಡುವಿನ ಅಂತರ 140 ಸೆಂಟಿಮೀಟರ್, ಗುರುತ್ವ ಕೇಂದ್ರದ ಎತ್ತರ 70 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ನಿಂತ ಗಾಡಿಯನ್ನು ಪಕ್ಕಕ್ಕೆ ವಾಲಿಸುತ್ತ ಹೋದರೆ ಸುಮಾರು 45 ಡಿಗ್ರಿಯಲ್ಲಿ ಅದು ಉರುಳುತ್ತದೆ. ನಾಲ್ಕು ಅಂಗುಲದ ಕಿಟ್ ಹಾಕಿದಾಗ ಗುರುತ್ವ ಕೇಂದ್ರ ಎಂಟು ಸೆಂಟಿಮೀಟರಿನಷ್ಟು ಏರಿತೆಂದರೆ 42 ಡಿಗ್ರಿಗೇ ಉರುಳುತ್ತದೆ. ಡೆಕ್ಕಿನ ಮೇಲೆ ಮೂಟೆ ಪೇರಿಸಿ ಕೇಂದ್ರ 90 ಸೆಂಟಿಮೀಟರಿಗೆ ಏರಿದ್ದರೆ ಮೂಲ ಗಾಡಿಯ ಮಿತಿಯೇ 38 ಡಿಗ್ರಿ. ಎತ್ತರಿಸಿದ ಗಾಡಿಯದು 35. ಇದು ಅಲುಗಾಡದೆ ನಿಂತ ಗಾಡಿಯ ಲೆಕ್ಕ. ತಿರುವಿನಲ್ಲಿ ಓಡುವ ಗಾಡಿಗೆ, ಹೊಂಡಕ್ಕೆ ಒಂದು ಗಾಲಿ ಇಳಿಸಿದ ಗಾಡಿಗೆ, ಕಮಾನು ಒಂದು ಕಡೆಗೆ ಕುಸಿದ ಗಾಡಿಗೆ ಮಿತಿ ಇನ್ನೂ ಕಡಿಮೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ವಾಹನಗಳ ಉರುಳುವ ಅಪಾಯವನ್ನು ಅಳೆದು 2001ರಿಂದ ಪ್ರಕಟಿಸತೊಡಗಿದಾಗ ಆಧಾರವಾಗಿ ಹಿಡಿದದ್ದು ಇದೇ ಅಗಲ ಮತ್ತು ಎತ್ತರಗಳ ಅನುಪಾತವನ್ನು. ಲಿಫ್ಟ್ ಕಿಟ್ಟಿನ ಹುಚ್ಚಿಗೆ ಹೆಸರಾದ ಆ ದೇಶದಲ್ಲಿಯೂ ಹಲವು ರಾಜ್ಯಗಳು ಬಂಪರಿನ ಎತ್ತರಕ್ಕೆ ಕಾನೂನಿನ ಮಿತಿ ಹಾಕಿವೆ. ಕಿಟ್ಟಿನ ಚಿತ್ರಗಳು ಇಲ್ಲಿಗೆ ಬಂದವು, ಮಿತಿಯ ಮಾತು ಬರಲಿಲ್ಲ.

ಇದಕ್ಕಿಂತಲೂ ಗುಪ್ತವಾದ ಅಪಾಯ ಬ್ರೇಕಿನಲ್ಲಿದೆ. ಹಲವು ಪಿಕಪ್ಪುಗಳ ಹಿಂಬದಿಯಲ್ಲಿ ಹೊರೆಯನ್ನು ಅಳೆಯುವ ಒಂದು ಕವಾಟವಿರುತ್ತದೆ. ಚಾಸಿಗೂ ಆಕ್ಸಲ್ಲಿಗೂ ನಡುವೆ ಜೋಡಿಸಿದ ಸರಳಿನ ಮೂಲಕ ಅದು ಕೆಲಸ ಮಾಡುತ್ತದೆ. ಹೊರೆ ಹೇರಿದಾಗ ಚಾಸಿ ತಗ್ಗುತ್ತದೆ. ಗಾಡಿ ತುಂಬಿದೆ ಎಂದು ಅರಿತ ಕವಾಟ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಕೊಡುತ್ತದೆ. ಖಾಲಿಯಿದ್ದಾಗ ಕಡಿಮೆ ಕೊಡುತ್ತದೆ. ಚಾಸಿಯನ್ನು ನಾಲ್ಕು ಅಂಗುಲ ಮೇಲೆತ್ತಿ, ಈ ಸರಳನ್ನು ಹೊಂದಿಸದೆ ಬಿಟ್ಟರೆ, ಗಾಡಿ ತುಂಬಿ ತುಳುಕುತ್ತಿದ್ದರೂ ಕವಾಟದ ಪಾಲಿಗೆ ಅದು ಖಾಲಿಯೇ. ಹಿಂದಿನ ಬ್ರೇಕು ಅರೆಮನಸ್ಸಿನಿಂದ ಹಿಡಿಯುತ್ತದೆ, ಭಾರವೆಲ್ಲ ಮುಂದಿನ ಬ್ರೇಕಿನ ಮೇಲೆ ಬಿದ್ದು ಕಾಯುತ್ತದೆ. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಮಂಜು ಕವಿದ ಇಳಿಜಾರಿನಲ್ಲಿ ಇದರ ಅರ್ಥವೇನೆಂದು ಘಾಟಿ ಇಳಿದವರಿಗೆ ವಿವರಿಸಬೇಕಾಗಿಲ್ಲ. ಇದರ ಜತೆಗೆ ಬ್ರೇಕಿನ ಹೋಸ್ ಪೈಪು ಬಿಗಿಯಾಗಿ ಎಳೆಯಲ್ಪಡುತ್ತದೆ, ಪ್ರೊಪೆಲರ್ ಶಾಫ್ಟಿನ ಕೋನ ಹೆಚ್ಚಿ ಅದರ ಕ್ರಾಸ್ ಬೇಗ ಸವೆಯುತ್ತದೆ, ಹೆಡ್‌ಲೈಟಿನ ಬೆಳಕು ಎದುರಿನವನ ಕಣ್ಣಿಗೆ ರಾಚುತ್ತದೆ.

ಇನ್ನು ಯಾವ ಗ್ಯಾರೇಜಿನ ಲೆಕ್ಕಕ್ಕೂ ಬಾರದ ನಷ್ಟವೊಂದಿದೆ. ಡೆಕ್ಕು ನಾಲ್ಕು ಅಂಗುಲ ಏರಿದರೆ 50 ಕಿಲೋ ಮೂಟೆಯನ್ನು ನಾಲ್ಕು ಅಂಗುಲ ಹೆಚ್ಚು ಎತ್ತಬೇಕಾದವರು ಯಾರು? ಮಾಲೀಕನಲ್ಲ. ಬೆಳಗಿನಿಂದ ಸಂಜೆಯವರೆಗೆ ನೂರು ಮೂಟೆ ಹೇರುವ ಆಳಿನ ಸೊಂಟ ಆ ನಾಲ್ಕು ಅಂಗುಲವನ್ನು ನೂರು ಸಲ ಅಳೆಯುತ್ತದೆ. ತೋಟದ ಕೆಲಸಕ್ಕೆ ಹೋಗುವ ಹೆಂಗಸರು ಆ ಡೆಕ್ಕನ್ನು ಹತ್ತಿ ಇಳಿಯುವ ಪಾಡನ್ನು ನೋಡಿದವರಾರೂ ಈ ಎತ್ತರವನ್ನು ಪ್ರಗತಿಯೆಂದು ಕರೆಯಲಾರರು.

ಕಾನೂನು ಹೇಳುವುದೇನು?

ಇದು ಅಭಿರುಚಿಯ ಪ್ರಶ್ನೆಯಷ್ಟೇ ಅಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವ ಅಧಿಕಾರ ಮಾಲೀಕನಿಗಿಲ್ಲ. ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಈ ಮಾತನ್ನು ಸ್ಪಷ್ಟವಾಗಿ ಎತ್ತಿಹಿಡಿಯಿತು. ಅದೇ ವರ್ಷ ತಿದ್ದುಪಡಿಯಾದ ಕಾಯ್ದೆಯಲ್ಲಿ ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆ, ಅಥವಾ ಒಂದೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸುವ ಅವಕಾಶವಿದೆ. ಅಪಘಾತವಾದಾಗ ವಿಮಾ ಕಂಪನಿಗೆ ತಕರಾರು ತೆಗೆಯಲು ಇದಕ್ಕಿಂತ ಒಳ್ಳೆಯ ನೆಪ ಸಿಗಲಾರದು. ಸಾಲದಲ್ಲಿ ಗಾಡಿ ಕೊಂಡ ಬಡ ಚಾಲಕ ಆಗ ಗಾಡಿಯನ್ನೂ ಕಳೆದುಕೊಂಡು ಸಾಲವನ್ನೂ ತೀರಿಸಬೇಕಾಗುತ್ತದೆ. ಕಿಟ್ ಮಾರುವ ಅಂಗಡಿಯವರು ಈ ಮಾತನ್ನು ಎಷ್ಟು ಮಂದಿಗೆ ಹೇಳಿದ್ದಾರೆ?

ಗುಡ್ಡದ ಮೇಲಿನ ಆಟ

ಎತ್ತರಿಸಿದ ಗಾಡಿ ಸುಮ್ಮನೆ ನಿಲ್ಲುವುದಿಲ್ಲ. ಹತ್ತಾರು ಸಾವಿರ ರೂಪಾಯಿ ಸುರಿದ ಮೇಲೆ ಅದರ ಬಲವನ್ನು ಎಲ್ಲಾದರೂ ತೋರಿಸಲೇಬೇಕು. ಡಾಂಬರಿನ ಮೇಲೆ ತೋರಿಸಲಾಗದು. ಅದಕ್ಕೆ ಕೆಸರು ಬೇಕು, ದಿಣ್ಣೆ ಬೇಕು, ಹಳ್ಳ ಬೇಕು. ಆದ್ದರಿಂದಲೇ ಆಫ್ ರೋಡ್ ಎಂಬ ಆಟ ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನ ಗುಡ್ಡಗಳಿಗೆ ಬಂದಿದೆ. ಅದೂ ಯಾವ ಕಾಲದಲ್ಲಿ? ಮಣ್ಣು ನೀರುಂಡು ಮೆತ್ತಗಾಗಿರುವ ಆಷಾಢ ಶ್ರಾವಣದಲ್ಲಿ. ಮಣ್ಣನ್ನು ಮುಟ್ಟಬಾರದ ತಿಂಗಳುಗಳನ್ನೇ ಆಟಕ್ಕೆ ಆರಿಸಿಕೊಳ್ಳಲಾಗಿದೆ.

ಇಲ್ಲಿ ಮಣ್ಣಿನ ಶಾಸ್ತ್ರವನ್ನು ಸ್ವಲ್ಪ ನೆನೆಯಬೇಕು. ಆರೋಗ್ಯವಂತ ಮಣ್ಣಿನ ಗಾತ್ರದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬರಿಯ ರಂಧ್ರ. ಆ ರಂಧ್ರಗಳಲ್ಲಿಯೇ ಗಾಳಿಯಾಡುವುದು, ನೀರಿಂಗುವುದು, ಬೇರು ಇಳಿಯುವುದು. ಒದ್ದೆ ಮಣ್ಣಿನ ಮೇಲೆ ಭಾರದ ಗಾಲಿ ಹಾಯ್ದರೆ ಈ ರಂಧ್ರಗಳು ಮುಚ್ಚಿಕೊಳ್ಳುತ್ತವೆ, ಮತ್ತು ಹೆಚ್ಚಿನ ಹಾನಿ ಮೊದಲ ಕೆಲವು ಓಡಾಟಗಳಲ್ಲೇ ಮುಗಿದಿರುತ್ತದೆ. ಒಂದು ಸಲ ಮಾತ್ರ ಹೋಗಿ ಬಂದೆವು ಎಂಬ ಸಮಾಧಾನಕ್ಕೆ ಇಲ್ಲಿ ಅರ್ಥವಿಲ್ಲ. ಶೋಲಾ ಕಾಡುಗಳ ಸುತ್ತಣ ಹುಲ್ಲುಗಾವಲಿನಲ್ಲಿ ಕಡಿದಾದ ಬಂಡೆಯ ಮೇಲೆ ತೆಳುವಾದ ಕರಿಮಣ್ಣಿನ ಹೊದಿಕೆಯಿದ್ದು, ಹುಲ್ಲಿನ ಬುಡಗಳೇ ಅದನ್ನು ಹಿಡಿದಿರುತ್ತವೆ. ಆಳವಾದ ಕಚ್ಚಿನ ಟೈರು ಜಾರುತ್ತ ಗಿರಕಿ ಹೊಡೆದಾಗ ಮೊದಲು ಕಿತ್ತು ಬರುವುದು ಆ ಬುಡಗಳೇ.

ಹುಲ್ಲು ಹೋದ ಜಾಗದಲ್ಲಿ ಎರಡು ಗೀರು ಉಳಿಯುತ್ತವೆ. ಮಳೆಗೆ ಅವು ಸಿದ್ಧ ಕಾಲುವೆಗಳು. ಒಂದು ಎಕರೆ ಗುಡ್ಡದ ಮೇಲೆ ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ ಬಿದ್ದ ನೀರು ನಾಲ್ಕು ಲಕ್ಷ ಲೀಟರ್. ಮಲೆನಾಡಿನ ಮಳೆಗಾಲದಲ್ಲಿ ಇದೇನು ಅಪರೂಪದ ದಿನವಲ್ಲ. ಹುಲ್ಲಿನ ನಡುವೆ ನಿಧಾನವಾಗಿ ಇಂಗಿ, ಒರತೆಯಾಗಿ ಬೇಸಗೆಯವರೆಗೆ ಒಸರಬೇಕಾದ ನೀರು ಈ ಗೀರುಗಳಿಗೆ ಬಿದ್ದು ಒಂದೇ ಉಸಿರಿಗೆ ಕೆಳಗೋಡುತ್ತದೆ. ನೂರು ಮೀಟರ್ ಉದ್ದದ ಜೋಡಿ ಗೀರುಗಳು ಮಳೆಗೆ ಕೊರೆದು ಒಂದಡಿಯಷ್ಟು, ಎಂದರೆ 30 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಆಳವಾದವೆನ್ನಿ. ಕೊಚ್ಚಿಹೋದ ಮಣ್ಣು 12 ಘನ ಮೀಟರ್. ತೂಕದಲ್ಲಿ ಸುಮಾರು 14 ಟನ್, ಅಂದರೆ ಅದೇ ಪಿಕಪ್ಪಿನಲ್ಲಿ ಹೇರಿದರೆ ಹತ್ತು ಲೋಡು. ಆ ಮಣ್ಣು ಎಲ್ಲಿಗೆ ಹೋಯಿತೆಂದು ಕೆಳಗಿನ ಮಕ್ಕಿಗದ್ದೆಯವನನ್ನು, ಹಳ್ಳದ ಗುಂಡಿಯಿಂದ ನೀರಿನ ಪೈಪು ಎಳೆದುಕೊಂಡ ಮನೆಯವರನ್ನು ಕೇಳಬೇಕು. ಬೆರಳೆಣಿಕೆಯ ಸೆಂಟಿಮೀಟರ್ ಮೇಲ್ಮಣ್ಣು ರೂಪುಗೊಳ್ಳಲು ಶತಮಾನಗಳೇ ಬೇಕು. ಆಟ ಮುಗಿಯಲು ಒಂದು ಭಾನುವಾರ ಸಾಕು.

ನಮ್ಮ ಖಾಸಗಿ ಎಸ್ಟೇಟಿನೊಳಗೆ ಆಡಿದೆವು ಎನ್ನುವವರೂ ಇದ್ದಾರೆ. ಸರ್ವೆ ನಂಬರು ಮನುಷ್ಯರಿಗೆ ಗೊತ್ತು, ನೀರಿಗೆ ಗೊತ್ತಿಲ್ಲ. ಎಸ್ಟೇಟಿನ ಇಳಿಜಾರು ಹರಿಯುವುದು ಊರಿನ ಹಳ್ಳಕ್ಕೇ.

ಒಂದೇ ಗುಡ್ಡ, ಎರಡು ನ್ಯಾಯ

ಕುದುರೆಮುಖದ ಗಣಿಯಿಂದ ಭದ್ರೆಗೆ ಹರಿದುಬರುತ್ತಿದ್ದ ಹೂಳನ್ನು ವಿರೋಧಿಸಿ ದೀರ್ಘಕಾಲ ಹೋರಾಡಿದ ನಾಡು ಇದು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಆ ಗಣಿಗಾರಿಕೆ ನಿಂತಿತು. ಗಣಿಯ ಹೂಳಿಗೂ ಜೀಪಿನ ಗೀರಿಗೂ ಗಾತ್ರದಲ್ಲಿ ಹೋಲಿಕೆಯಿಲ್ಲವೆಂಬುದು ನಿಜ. ಆದರೆ ಗಣಿಗೆ ಒಂದು ಬೇಲಿಯಿತ್ತು, ಒಂದು ಹೆಸರಿತ್ತು, ಪ್ರಶ್ನಿಸಲು ಒಂದು ಕಚೇರಿಯಿತ್ತು. ಗುಡ್ಡಗುಡ್ಡಕ್ಕೆ ಹರಡಿದ ಈ ಗೀರುಗಳಿಗೆ ಒಡೆಯನೇ ಇಲ್ಲ.

ಅಭಯಾರಣ್ಯದ ಅಂಚಿನ ರೈತ ಸೊಪ್ಪಿಗೆ, ಸೌದೆಗೆ ಕಾಡು ಹೊಕ್ಕರೆ ಕೇಸು. ಅಜ್ಜನ ಕಾಲದ ಕಾಲುದಾರಿಯನ್ನು ಸರಿಪಡಿಸಲು ಗುದ್ದಲಿ ಎತ್ತಿದರೆ ತಡೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನುಮತಿಯಿಲ್ಲದ ಪ್ರವೇಶವನ್ನು ನಿರ್ಬಂಧಿಸುತ್ತದೆ, 1963ರ ಕರ್ನಾಟಕ ಅರಣ್ಯ ಕಾಯ್ದೆ ಮೀಸಲು ಅರಣ್ಯದ ಅತಿಕ್ರಮ ಪ್ರವೇಶವನ್ನು ಅಪರಾಧವೆನ್ನುತ್ತದೆ. ಈ ಕಾಯ್ದೆಗಳನ್ನು ಬರಿಗಾಲಿನವರ ಮೇಲೆ ಪ್ರಯೋಗಿಸಲು ತೋರುವ ಉತ್ಸಾಹ, ಮೂವತ್ತೈದು ಅಂಗುಲದ ಟೈರಿನವರ ಮುಂದೆ ಏಕೆ ಉಡುಗಿಹೋಗುತ್ತದೆ? ಹುಲ್ಲುಗಾವಲಿನ ಮೇಲಿನ ಟೈರಿನ ಗುರುತು ಸೌದೆಯ ಹೊರೆಗಿಂತ ಸುಲಭವಾಗಿ ಕಣ್ಣಿಗೆ ಬೀಳುವಂಥದು. ಕಾಣದಿರುವುದು ಗುರುತಲ್ಲ, ನೋಡುವ ಮನಸ್ಸು.

ಎರಡು ಆಕ್ಷೇಪಗಳು

ಮೊದಲನೆಯದು ರಸ್ತೆಯ ಮಾತು. ಕಾಡಂಚಿನ ಮನೆಗೆ ಸರಿಯಾದ ದಾರಿಯಿಲ್ಲ, ರೋಗಿಯನ್ನು ಪೇಟೆಗೆ ಒಯ್ಯಲು ಗಾಡಿ ಎತ್ತರವಿರಲೇಬೇಕು ಎನ್ನುತ್ತಾರೆ. ದೂರು ಸತ್ಯ, ಮದ್ದು ತಪ್ಪು. ಮಲೆನಾಡಿನ ಮಣ್ಣುದಾರಿಯನ್ನು ಕೆಡಿಸುವುದು ದಾರಿಯ ಮೇಲೆಯೇ ಹರಿಯುವ ನೀರು. ಬದಿಯ ಚರಂಡಿ ಬಿಡಿಸಿ, ಇಳಿಜಾರಿನಲ್ಲಿ ಅಲ್ಲಲ್ಲಿ ನೀರನ್ನು ಪಕ್ಕಕ್ಕೆ ತಿರುಗಿಸುವ ಅಡ್ಡಗಾಲುವೆ ತೋಡಿ, ಮೋರಿ ಹಾಕಿ, ಕಡಿದಾದ ಕಡೆ ಕಲ್ಲು ಹಾಸಿದರೆ ಮೂಲ ಎತ್ತರದ ಪಿಕಪ್ಪೇ ಮಳೆಗಾಲದಲ್ಲಿ ಹೋಗಿ ಬರಬಲ್ಲದು. ಆ ದಾರಿಯಲ್ಲಿ ಶಾಲೆಯ ಮಕ್ಕಳು ನಡೆಯಬಲ್ಲರು, ಸೈಕಲ್ಲೂ ಹೋಗಬಲ್ಲದು. ಗಾಡಿಯನ್ನು ಎತ್ತರಿಸಿದವನು ಕೆಟ್ಟ ದಾರಿಯನ್ನು ತಾನೊಬ್ಬ ದಾಟಿ, ಗಾಡಿಯಿಲ್ಲದವರಿಗೆ ಇನ್ನಷ್ಟು ಕೆಟ್ಟ ದಾರಿಯನ್ನು ಉಳಿಸಿ ಹೋಗುತ್ತಾನೆ. ಪಂಚಾಯಿತಿಯ ಮುಂದೆ ಇಡಬೇಕಾದ ಬೇಡಿಕೆಯನ್ನು ಗ್ಯಾರೇಜಿನ ಮುಂದೆ ಇಟ್ಟದ್ದರ ಫಲವಿದು.

ಎರಡನೆಯದು ಹೊಟ್ಟೆಪಾಡಿನ ಮಾತು. ಕೊಡಗಿನ ಮಾಂದಲ್‌ಪಟ್ಟಿಯಂಥ ಕಡೆಗಳಲ್ಲಿ ಪ್ರವಾಸಿಗರನ್ನು ಜೀಪಿನಲ್ಲಿ ಗುಡ್ಡ ಹತ್ತಿಸಿ ಬದುಕುವ ಕುಟುಂಬಗಳಿವೆ. ಈ ಬರಹದ ಕೋಪ ಅವರ ಮೇಲಲ್ಲ. ಗೊತ್ತಾದ ಒಂದೇ ದಾರಿಯಲ್ಲಿ, ಗೊತ್ತಾದ ಸಂಖ್ಯೆಯಲ್ಲಿ, ಕಂಪನಿಯ ಮೂಲ ರೂಪದ ಜೀಪಿನಲ್ಲಿ ಆ ದುಡಿಮೆ ಸಾಗಲು ಅಡ್ಡಿಯಿಲ್ಲ. ಪ್ರವಾಸಿಗೆ ದಾರಿ ಸಾಲದು, ದಾರಿ ತಪ್ಪಿದ ರೋಮಾಂಚನ ಬೇಕು ಎಂಬ ಬೇಡಿಕೆಯನ್ನು ಹುಟ್ಟಿಸಿದವರು ಬೇರೆ. ಆ ಬೇಡಿಕೆಗೆ ತಕ್ಕಂತೆ ಗಾಡಿ ಎತ್ತರಿಸಲು ಸಾಲ ಮಾಡುವವನು ಚಾಲಕ. ಗುಡ್ಡ ಬೋಳಾದ ದಿನ ಪ್ರವಾಸಿ ಬೇರೆ ಗುಡ್ಡ ಹುಡುಕಿಕೊಳ್ಳುತ್ತಾನೆ, ಸಾಲ ಚಾಲಕನ ಬಳಿಯೇ ಉಳಿಯುತ್ತದೆ.

ಆಗಬೇಕಾದದ್ದು

ಬೇಡಿಕೆಗಳು ದೊಡ್ಡವೇನಲ್ಲ. ಸಾರಿಗೆ ಇಲಾಖೆ ವಾಹನಗಳ ಅರ್ಹತಾ ಪತ್ರ ನೀಡುವಾಗ ಕಮಾನಿನ ಕೆಳಗೆ ಒಮ್ಮೆ ಬಗ್ಗಿ ನೋಡಲಿ. ಕಿಟ್ ಮಾರುವ ಅಂಗಡಿಗಳು ಕಾನೂನಿನ ಸಂಗತಿಯನ್ನು ಲಿಖಿತವಾಗಿ ಗ್ರಾಹಕರಿಗೆ ತಿಳಿಸುವಂತಾಗಲಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಗುಡ್ಡದ ಹುಲ್ಲುಗಾವಲು ಮತ್ತು ಹಳ್ಳಗಳಲ್ಲಿ ಯಾವ ವಾಹನ ಕ್ರೀಡೆಗೂ ಅನುಮತಿ ಬೇಡವೆಂದು ಗ್ರಾಮಸಭೆಗಳು ನಿರ್ಣಯ ಅಂಗೀಕರಿಸಲಿ. ಅರಣ್ಯ ಇಲಾಖೆ ಕಾಲಿಗೂ ಗಾಲಿಗೂ ಒಂದೇ ಕಾನೂನನ್ನು ಅನ್ವಯಿಸಲಿ.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೂ ಇದೆ. ಊರಿನ ಗುಡ್ಡದಲ್ಲಿ ಗೀರು ಬಿದ್ದಿದ್ದರೆ ಒಂದು ಟೇಪು, ಒಂದು ಕೋಲು, ಒಂದು ನೋಟ್‌ಬುಕ್ ಹಿಡಿದು ಹೋಗಿ ಅದರ ಉದ್ದ, ಅಗಲ, ಆಳ ಅಳೆಯಿರಿ. ಮಳೆಗಾಲದ ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ ಅದೇ ಜಾಗದಲ್ಲಿ ಅಳೆಯಿರಿ. ಎರಡರ ವ್ಯತ್ಯಾಸವೇ ಹೋದ ಮಣ್ಣು. ದಿನಾಂಕ ಬರೆದು, ಅಳತೆಕೋಲು ಕಾಣುವಂತೆ ಚಿತ್ರ ತೆಗೆದು, 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯಿತಿಯಲ್ಲಿ ಇರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಕೊಡಿ. ಸಮಿತಿ ಹೆಸರಿಗಷ್ಟೇ ಇದ್ದರೆ ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಿ. ಹಿಡಿ ಮಣ್ಣಿನ ಲೆಕ್ಕ ಕೇಳಿದ ಊರಿನಲ್ಲಿ ಹತ್ತು ಲೋಡು ಮಣ್ಣು ಸದ್ದಿಲ್ಲದೆ ಹರಿದುಹೋಗಲಾರದು.

ಮಲೆನಾಡಿನ ಹಿರಿಯರು ಎತ್ತಿನ ಗಾಡಿಗೆ ಹೊರೆ ಹೇರುವಾಗ ಮೊದಲು ನೋಡುತ್ತಿದ್ದುದು ಎತ್ತಿನ ಹೆಗಲನ್ನು, ಆಮೇಲೆ ದಾರಿಯ ಇಳಿಜಾರನ್ನು. ಮಳೆ ಹಿಡಿದ ಮೇಲೆ ಗಾಡಿಯ ನೊಗ ಇಳಿಸಿ ಕೊಟ್ಟಿಗೆಯ ಗೋಡೆಗೆ ಒರಗಿಸಿ, ತಲೆಹೊರೆಯಲ್ಲಿ ಸಾಗಿಸಿದ್ದೂ ಉಂಟು. ದಾರಿ ಉಳಿಯಬೇಕೆಂಬ ಅರಿವು ಅವರಿಗಿತ್ತು. ಅವರಿಗಿಂತ ಬಲವಾದ ಗಾಡಿ ಈಗ ಮನೆಮನೆಗೆ ಬಂದಿದೆ, ಅದು ಒಳ್ಳೆಯದೇ. ಜಾಕಿನ ಮೇಲೆ ನಿಂತ ಪಿಕಪ್ಪನ್ನು ಬಂದ ಎತ್ತರಕ್ಕೇ ಇಳಿಸಿ, ಆ ಹಣದಲ್ಲಿ ಹೊಸ ಬ್ರೇಕ್ ಲೈನರ್, ಒಳ್ಳೆಯ ಟೈರು ಹಾಕಿಸಿಕೊಂಡು ಮನೆಗೆ ಹೋಗುವ ಚಾಲಕ ಈ ಮಳೆಗಾಲದಲ್ಲಿ ತನಗೂ ಊರಿಗೂ ಹೆಚ್ಚಿನ ಉಪಕಾರ ಮಾಡಿದಂತಾಗುತ್ತದೆ.